ತಿಳಿದಷ್ಟನ್ನೇ ಬರೆಯಿರಿ, ಜನ ಸಿಗುತ್ತಾರೆ

ಮಕ್ಕಳೇ, ಬರೆಯುವ ಆಸೆಯಿರುವ ನಿಮ್ಮಲ್ಲಿ ಹಲವರು ಹೇಳುವ ಮಾತು ಒಂದೇ: ‘ಇನ್ನೂ ಪೂರ್ತಿ ಗೊತ್ತಿಲ್ಲ, ಗೊತ್ತಾದ ಮೇಲೆ ಬರೆಯುತ್ತೇನೆ.’ ಪೂರ್ತಿ ಗೊತ್ತಾಗುವ ದಿನ ಯಾರಿಗೂ ಬರುವುದಿಲ್ಲ. ತಿಳಿದಷ್ಟನ್ನು ಇವತ್ತೇ ನಾಲ್ಕು ಜನ ಓದುವ ಕಡೆ ಬರೆಯಿರಿ. ಜೊತೆಗೆ ಯಾರು ಬಂದು ಸೇರುತ್ತಾರೆಂದು ಮೊದಲೇ ಲೆಕ್ಕ ಹಾಕಬೇಡಿ.

ಕೇಂಬ್ರಿಜ್‌ನ ಗಣಿತಜ್ಞ ಟಿಮೊಥಿ ಗೋವರ್ಸ್ 1998ರಲ್ಲೇ ಗಣಿತದ ಅತ್ಯುನ್ನತ ಗೌರವಗಳಲ್ಲಿ ಒಂದಾದ ಫೀಲ್ಡ್ಸ್ ಪದಕ ಪಡೆದವರು. ಅವರಿಗೇನು ಕಡಿಮೆಯಾಗಿತ್ತು? ಆದರೂ 2009ರ ಆರಂಭದಲ್ಲಿ ಅವರು ಒಂದು ಕಠಿಣ ಪ್ರಮೇಯವನ್ನು ತಮ್ಮ ಬ್ಲಾಗ್‌ನಲ್ಲಿ ಎಲ್ಲರೆದುರು ಇಟ್ಟು, ಬನ್ನಿ, ಸೇರಿ ಬಿಡಿಸೋಣ ಎಂದು ಕರೆದರು. ಅದನ್ನು 1991ರಲ್ಲೇ ಇಬ್ಬರು ಸಾಧಿಸಿ ತೋರಿಸಿದ್ದರು. ಗೋವರ್ಸ್ ಹುಡುಕುತ್ತಿದ್ದುದು ಬೇರೆ ದಾರಿಯ, ಇನ್ನಷ್ಟು ಸರಳವಾದ ಸಾಧನೆಯನ್ನು.

ಕೆಲವು ಗಂಟೆ ಯಾರೂ ಮಾತಾಡಲಿಲ್ಲ. ಆಮೇಲೆ ಕೆನಡಾದ ಪ್ರಾಧ್ಯಾಪಕರೊಬ್ಬರು ಬರೆದರು. ಸ್ವಲ್ಪ ಹೊತ್ತಿಗೆ ಅಮೆರಿಕದ ಅರಿಜೋನಾದಿಂದ ಒಬ್ಬ ಹೈಸ್ಕೂಲ್ ಮೇಷ್ಟ್ರು ಬರೆದರು. ಅವರ ಬೆನ್ನಿಗೇ ಬಂದವರು ಮತ್ತೊಬ್ಬ ಫೀಲ್ಡ್ಸ್ ಪದಕ ವಿಜೇತ, ಟೆರೆನ್ಸ್ ಟಾವ್! ಯಾವ ಸಮ್ಮೇಳನದ ವೇದಿಕೆಯೂ ಈ ಮೂವರನ್ನು ಹೀಗೆ ಅಕ್ಕಪಕ್ಕ ಕೂರಿಸುತ್ತಿರಲಿಲ್ಲ.

ಗೋವರ್ಸ್ ಹಾಕಿದ ನಿಯಮಗಳಲ್ಲೇ ಗುಟ್ಟಿದೆ. ಒಬ್ಬರೇ ಕೂತು ಎಲ್ಲ ಮುಗಿಸಿ ತರಬೇಡಿ, ಹೊಳೆದ ಸಣ್ಣ ವಿಚಾರವನ್ನು ಹೊಳೆದಷ್ಟೇ ಬರೆಯಿರಿ, ಮರ್ಯಾದೆಯಿಂದ ಮಾತಾಡಿ. ಸುಮಾರು ಐದು ವಾರಗಳಲ್ಲಿ 27 ಜನ 800ರಷ್ಟು ಟಿಪ್ಪಣಿ ಬರೆದರು, ಪ್ರಮೇಯಕ್ಕೆ ಹೊಸ ಸಾಧನೆ ಸಿಕ್ಕಿತು. ಅದು ಪ್ರಕಟವಾದದ್ದು ‘ಡಿ.ಎಚ್.ಜೆ. ಪಾಲಿಮ್ಯಾತ್’ ಎಂಬ ಒಟ್ಟು ಹೆಸರಿನಲ್ಲಿ. ಪದಕ ಪಡೆದವರ ಹೆಸರೂ ಅದರೊಳಗೇ ಅಡಗಿತು.

ಇದರಲ್ಲಿ ನಿಮಗೆ ಪಾಠವಿದೆ. ನಿಮ್ಮೂರ ಕೆರೆ ತುಂಬುವ ಬಗೆ, ಮನೆಯಲ್ಲಿ ಮಾಡುವ ಬಸ್ಸಾರು, ಅಜ್ಜಿ ಹೇಳುವ ಸೋಬಾನೆ ಪದ, ನೀವು ಕಲಿಯುತ್ತಿರುವ ಕಂಪ್ಯೂಟರ್ ಭಾಷೆ, ಯಾವುದಾದರೂ ಸರಿ. ಕಣ್ಣಾರೆ ಕಂಡದ್ದು ಯಾವುದು, ಕೇಳಿದ್ದು ಯಾವುದು ಎಂದು ಬೇರೆ ಮಾಡಿ ಬರೆಯಿರಿ. ‘ಇಲ್ಲಿಂದ ಮುಂದೆ ನನಗೆ ಗೊತ್ತಿಲ್ಲ’ ಎಂದು ಬರೆಯಲು ನಾಚಬೇಡಿ. ಓದುವವನಿಗೆ ಕೈಹಾಕಲು ಜಾಗ ಸಿಗುವುದೇ ಅಲ್ಲಿ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯ ಬೆಳೆದದ್ದೂ ಹೀಗೆಯೇ. ಒಬ್ಬರು ಬರೆದದ್ದನ್ನು ಮುಖ ಕಾಣದ ಇನ್ನೊಬ್ಬರು ತಿದ್ದಿದರು, ಮತ್ತೊಬ್ಬರು ಮುಂದುವರಿಸಿದರು.

ಇನ್ನೊಂದು ಮಾತು. ಬರೆದು ಹೊಗಳಿಕೆಗೆ ಕಾಯಬೇಡಿ. ಇತರರು ಬರೆದದ್ದನ್ನೂ ಓದಿ, ಗೊತ್ತಿದ್ದರೆ ಉತ್ತರಿಸಿ. ‘ಸೂಪರ್’ ಎಂದು ಹಾಕಿ ಹೋದವರನ್ನು ಯಾರೂ ನೆನಪಿಡುವುದಿಲ್ಲ, ತಪ್ಪನ್ನು ನಯವಾಗಿ ತೋರಿಸಿದವರನ್ನು ಮರೆಯುವುದಿಲ್ಲ. ಕೆಲಸ ಕೊಡಿಸಿಯಾರು ಎಂದು ದೊಡ್ಡವರ ಬೆನ್ನು ಹತ್ತಬೇಡಿ. ಆ ಲೆಕ್ಕಾಚಾರ ಎದುರಿನವರಿಗೆ ಬೇಗ ತಿಳಿಯುತ್ತದೆ. ಹಾಗೆಂದು ಎಚ್ಚರ ತಪ್ಪುವುದೂ ಬೇಡ. ಹಣ ಕೇಳಿದವರನ್ನು ದೂರವಿಡಿ, ಒಟಿಪಿ ಯಾರಿಗೂ ಹೇಳಬೇಡಿ, ಹೀಗೆ ಪರಿಚಯವಾದವರೊಡನೆ ಮೊದಲ ಭೇಟಿ ಜನ ಓಡಾಡುವ ಜಾಗದಲ್ಲಿರಲಿ, ಮನೆಯವರಿಗೂ ತಿಳಿದಿರಲಿ.

ಹುಟ್ಟಿದ ಊರು, ಓದಿದ ಕಾಲೇಜು, ಅಪ್ಪನ ಪರಿಚಯ ಇವು ನಮ್ಮ ಕೈಯಲ್ಲಿಲ್ಲ. ಬರೆದು ಗಳಿಸುವ ನಂಟು ನಮ್ಮ ಕೈಯಲ್ಲಿದೆ. ಅದಕ್ಕೆ ಯಾರ ಶಿಫಾರಸೂ ಬೇಡ. ಈ ವಾರವೇ ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಸಂಗತಿಯನ್ನು ಒಂದು ಪುಟದಷ್ಟು ಬರೆದು ಹಾಕಿ, ಕೊನೆಗೊಂದು ಪ್ರಶ್ನೆ ಕೇಳಿ.