ಸತ್ತು ಹುಟ್ಟಿದ ಕೂಸಿನ ಶವಪರೀಕ್ಷೆ

ಒಂಬತ್ತು ತಿಂಗಳು ಹೊತ್ತ ಕೂಸು ಉಸಿರಿಲ್ಲದೆ ಹುಟ್ಟಿದ ಮನೆಗೆ ನಾವು ಹೋದಾಗಲೆಲ್ಲಾ, ಹೀಗೆ ಯಾಕಾಯಿತು? ಎಂಬ ಪ್ರಶ್ನೆಯನ್ನೇ ಕೇಳಿದ್ದೇವೆ. ಉತ್ತರ ತಿಳಿಯದ ಕಡೆ ಜನರ ನಾಲಿಗೆ ಸುಮ್ಮನಿರುವದಿಲ್ಲ. ಗ್ರಹಣದ ದಿನ ಹೊರಗೆ ಬಂದಳು, ಪಪ್ಪಾಯಿ ತಿಂದಳು, ಸಾವಿನ ಮನೆಗೆ ಹೋದಳು ಎಂದು, ಹಾಲು ಕಟ್ಟಿದ ಎದೆಯೊಡನೆ ಮೂಲೆಯಲ್ಲಿ ಮಲಗಿರುವ ತಾಯಿಯ ಮೇಲೆಯೇ ತಪ್ಪು ಹೊರಿಸುತ್ತಾರೆ. ಈ ಅಪವಾದವನ್ನು ತೆಗೆಯುವದಕ್ಕೂ ಮುಂದಿನ ಕೂಸನ್ನು ಕಾಯುವದಕ್ಕೂ ಶವಪರೀಕ್ಷೆಯು ಒಂದು ಮಾರ್ಗವಾಗಿದೆ.

ಈ ಮಾತನ್ನು ಕೇಳಿದೊಡನೆ ನಮ್ಮವರು ಪೊಲೀಸರನ್ನು ನೆನಸಿ ಹೆದರುತ್ತಾರೆ. ಇದು ಅದಲ್ಲ. ರೋಗವನ್ನು ತಿಳಿಯುವದಕ್ಕಾಗಿ ವೈದ್ಯರು ಮಾಡುವ ಈ ಪರೀಕ್ಷೆಗೆ ಹೆತ್ತವರ ಒಪ್ಪಿಗೆ ಬರಹದಲ್ಲಿ ಬೇಕು. ಇಷ್ಟನ್ನು ಮಾತ್ರ ನೋಡಿರಿ ಎಂದು ಮೇರೆಯಿಡುವದಕ್ಕೂ ಅವರು ಕೇಳಿಕೊಳ್ಳಬಹುದು. ಮೊದಲು ಕೂಸಿನ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದುಕೊಂಡು ಎಲುಬುಗಳ ಎಕ್ಸ್‌ರೇ ತೆಗೆಯುತ್ತಾರೆ. ಚರ್ಮವು ಸುಲಿದಿದ್ದರೆ ಕೂಸು ಹುಟ್ಟುವದಕ್ಕೆ ಕೆಲವು ತಾಸು ಮುಂಚೆಯೇ ಗರ್ಭದಲ್ಲಿ ಸತ್ತಿತ್ತೆಂದು ತಿಳಿಯುತ್ತದೆ. ಸೂಲಗಿತ್ತಿಯ ಮೇಲಿನ ಸಂಶಯ ಕೆಲವು ಸಾರಿ ಇಲ್ಲಿಯೇ ತೀರುವದು. ಬಳಿಕ ಹೃದಯ, ಶ್ವಾಸಕೋಶ, ಮೂತ್ರಪಿಂಡ ಮುಂತಾದವುಗಳನ್ನು ತೂಗಿ, ಚಿಕ್ಕ ಚೂರುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಕಡೆಗೆ ಹೊಲಿದು, ಬಟ್ಟೆ ತೊಡಿಸಿ ಒಪ್ಪಿಸುತ್ತಾರೆ. ಮುಖ ನೋಡಿ ಮಣ್ಣುಮಾಡುವದಕ್ಕೆ ಅಡ್ಡಿಯಿಲ್ಲ.

ಕೊಯ್ಯುವದಕ್ಕೆ ಮನಸ್ಸು ಒಪ್ಪದವರಿಗಾಗಿ ಇನ್ನೊಂದು ಕ್ರಮವಿದೆ. ಅದರಲ್ಲಿ ಸೂಜಿಯಿಂದ ಅಂಗಗಳ ಸ್ವಲ್ಪ ಭಾಗವನ್ನು ಮಾತ್ರ ತೆಗೆಯುತ್ತಾರೆ. ದೂರದ ಸಂಗತಿಯೇನಲ್ಲ, ನಮ್ಮ ದಾವಣಗೆರೆಯಲ್ಲಿಯೂ ಪಾಕಿಸ್ತಾನದ ಕರಾಚಿಯಲ್ಲಿಯೂ 2018ರಿಂದ ಕೆಲವು ವರುಷ ನಡೆದ ಒಂದು ಸಂಶೋಧನೆಯಲ್ಲಿ ಈ ಕ್ರಮವನ್ನೇ ಉಪಯೋಗಿಸಿದರು. ಗರ್ಭದಲ್ಲಿ ಪ್ರಾಣವಾಯು ಸಾಲದೆ ಹೋದದ್ದೇ ಹೆಚ್ಚಿನ ಮರಣಗಳಿಗೆ ಕಾರಣವೆಂದು ಅಲ್ಲಿ ಕಂಡುಬಂತು. ತಾಯಿಯ ರಕ್ತದೊತ್ತಡ ಏರುವದು, ಮಾಸು ವೇಳೆಗೆ ಮುಂಚೆ ಕಳಚುವದು, ಇಂಥವುಗಳಿಂದ ಹಾಗಾಗುತ್ತದೆ. ಗ್ರಹಣದಿಂದಲ್ಲ.

ಅಮೇರಿಕದಲ್ಲಿ ಸತ್ತು ಹುಟ್ಟಿದ 512 ಕೂಸುಗಳನ್ನು ಪೂರ್ತಿಯಾಗಿ ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 100ಕ್ಕೆ 61ರಷ್ಟು ಮರಣಗಳಲ್ಲಿ ಬಹುಮಟ್ಟಿಗೆ ನಂಬತಕ್ಕ ಕಾರಣ ಸಿಕ್ಕಿತು. ಎಲ್ಲಾ ಸಾರಿ ಸಿಕ್ಕುವದೆಂದು ನಾವು ಹೇಳಲಾರೆವು. ಆದರೆ ಸಿಕ್ಕಿದರೆ ಪ್ರಯೋಜನ ದೊಡ್ಡದು. ಸಿಫಿಲಿಸ್ ರೋಗವೆಂದು ತಿಳಿದರೆ ಪೆನಿಸಿಲಿನ್ನಿಂದ ತಾಯಿತಂದೆಗಳಿಬ್ಬರಿಗೂ ಗುಣವಾಗುತ್ತದೆ. ಸಕ್ಕರೆ ರೋಗದ ಗುರುತು ಕಂಡರೆ ಮುಂದಿನ ಬಸುರಿನಲ್ಲಿ ಮೊದಲಿಂದಲೇ ರಕ್ತವನ್ನು ನೋಡಬಹುದು. ಹೊಕ್ಕುಳಬಳ್ಳಿ ಕೊರಳಿಗೆ ಸುತ್ತಿತ್ತು ಎಂಬ ಒಂದೇ ಮಾತಿನಿಂದ ತೃಪ್ತರಾಗಬೇಡಿರಿ, ಯಾಕಂದರೆ ಬದುಕಿ ಹುಟ್ಟುವ ಎಷ್ಟೋ ಕೂಸುಗಳಿಗೂ ಅದು ಹಾಗೆಯೇ ಸುತ್ತಿರುತ್ತದೆ.

ಇನ್ನು ಮಾಸಿನ ವಿಷಯ. ನಮ್ಮ ಊರುಗಳಲ್ಲಿ ಅದನ್ನು ಬೇಗನೆ ಹೂಳಿಬಿಡುವ ರೂಢಿಯುಂಟು. ಆದರೆ ಆ ಅಮೇರಿಕದ ಕೂಸುಗಳ ಪರೀಕ್ಷೆಯನ್ನು ಪುನಃ ವಿಚಾರಿಸಿದವರು, ಕಾರಣವನ್ನು ತಿಳಿಯುವದಕ್ಕೆ ಎಲ್ಲಕ್ಕಿಂತ ಹೆಚ್ಚಾಗಿ ಸಹಾಯವಾದದ್ದು ಮಾಸಿನ ಪರೀಕ್ಷೆಯೇ ಎಂದೂ ಶವಪರೀಕ್ಷೆಯದು ಎರಡನೆಯ ಸ್ಥಾನವೆಂದೂ 2017ರಲ್ಲಿ ಬರೆದರು. ಕೂಸನ್ನು ಮುಟ್ಟಲೇಬಾರದೆನ್ನುವ ಮನೆಯವರು ಸಹ ಮಾಸನ್ನು ಕೊಡುವದಕ್ಕೆ ಸಾಮಾನ್ಯವಾಗಿ ಅಡ್ಡಿಮಾಡುವದಿಲ್ಲ. ಹೆರಿಗೆಯ ಮನೆಯಲ್ಲಿ ಅದನ್ನು ಚೆಲ್ಲುವದಕ್ಕೆ ಮುಂಚೆ ಯಾರಾದರೂ ಕೇಳಬೇಕು, ಅಷ್ಟೇ.