ಆಟ ಮುಗಿದ ಮೇಲೆ

ಕಟಾವು ಮುಗಿದ ಗದ್ದೆಯಲ್ಲಿ, ಅಸರ್ ನಮಾಝಿನ ನಂತರ ಹುಡುಗರು ಚೆಂಡು ಒದೆಯುವುದನ್ನು ನೀವು ಗಂಗೊಳ್ಳಿಯಲ್ಲೋ ಶಿರೂರಿನಲ್ಲೋ ಬಾರ್ಕೂರಿನಲ್ಲೋ ಕಂಡಿರಬಹುದು. ನಿಮ್ಮ ಮಗನೂ ಅವರಲ್ಲೊಬ್ಬನಿರಬಹುದು. ಗೋಲು ಹೊಡೆಯಲು ಎಲ್ಲರಿಗೂ ಆಸೆ. ಹಿಂದೆ ನಿಂತು ಕಾಯುವ ಕೆಲಸ ಯಾರಿಗೂ ಬೇಡ.

ಬೆಂಗಳೂರಿನ ಇಲ್ಯಾಸ್ ಪಾಷಾ ಆಡಿದ್ದು ಆ ಬೇಡವಾದ ಜಾಗದಲ್ಲೇ, ಬಲಬದಿಯ ರಕ್ಷಣಾ ಆಟಗಾರನಾಗಿ. 1987ರಲ್ಲಿ ಅವರು ಭಾರತ ತಂಡವನ್ನು ಸೇರಿದರು. ಕಲ್ಕತ್ತಾದಲ್ಲಿ ಮೊದಲು ಮುಹಮ್ಮಡನ್ ಸ್ಪೋರ್ಟಿಂಗ್, ಬಳಿಕ ಈಸ್ಟ್ ಬೆಂಗಾಲ್ ತಂಡಕ್ಕೆ ಆಡಿದರು. 1993ರಲ್ಲಿ ಏಷ್ಯನ್ ಕಪ್ ವಿನ್ನರ್ಸ್ ಕಪ್ ಪಂದ್ಯಾವಳಿಯಲ್ಲಿ ಈಸ್ಟ್ ಬೆಂಗಾಲ್, ಇರಾಕಿನ ಅಲ್ ಝವ್ರಾ ತಂಡವನ್ನು 6-2 ಗೋಲುಗಳಿಂದ ಸೋಲಿಸಿತು. ಬೆಂಗಳೂರಿನವರೇ ಆದ ಕಾರ್ಲ್‌ಟನ್ ಚಾಪ್‌ಮನ್ ಅಂದು ಮೂರು ಗೋಲು ಹೊಡೆದರು. ಆ ಋತುವಿನಲ್ಲಿ ತಂಡದ ನಾಯಕರಾಗಿದ್ದವರು ಪಾಷಾ. ಆ ಮೂರು ಗೋಲುಗಳನ್ನು ಜನ ಇಂದಿಗೂ ನೆನೆಯುತ್ತಾರೆ. ತಡೆದ ಚೆಂಡುಗಳ ಲೆಕ್ಕವನ್ನು ಯಾರೂ ಬರೆದಿಡುವುದಿಲ್ಲ. ರಕ್ಷಕ ಸುದ್ದಿಯಾಗುವುದು ತಪ್ಪಿದಾಗ ಮಾತ್ರ. ನಮ್ಮ ಮನೆಗಳಲ್ಲಿ ತಾಯಂದಿರ ದುಡಿಮೆಯೂ ಹೀಗೆಯೇ ಅಲ್ಲವೇ?

ಆದರೆ ನೀವು ಯೋಚಿಸಬೇಕಾದದ್ದು ಮುಂದಿನದನ್ನು. ಎದುರಾಳಿಯ ಕಾಲಿಗೆ ಕಾಲು ಕೊಟ್ಟು ನಿಲ್ಲುವವನ ಮೊಣಕಾಲು ಬೇಗ ಸವೆಯುತ್ತದೆ. ಮೂವತ್ತೈದರ ಸುಮಾರಿಗೆ ಆಟ ಮುಗಿಯುತ್ತದೆ. ಸಂಸಾರದ ಹೊರೆ ಆಗಷ್ಟೇ ಭಾರವಾಗತೊಡಗಿರುತ್ತದೆ. ಒಂದು ಕಾಲದಲ್ಲಿ ಬೆಂಗಳೂರಿನ ಐ.ಟಿ.ಐ., ಎಚ್.ಎ.ಎಲ್. ಕಾರ್ಖಾನೆಗಳು ಆಟಗಾರರಿಗೆ ನೌಕರಿ ಕೊಟ್ಟು ತಂಡ ಕಟ್ಟಿದ್ದವು. ಕಾಲು ಸೋತರೂ ಸಂಬಳ ನಿಲ್ಲುತ್ತಿರಲಿಲ್ಲ. ಇಂದು ಆಟಗಾರನ ಕೈಯಲ್ಲಿರುವುದು ಕೆಲವು ವರ್ಷಗಳ ಕರಾರು ಪತ್ರ ಮಾತ್ರ. ವಾರ್ಧಕ್ಯಕ್ಕೆ ಮುನ್ನ ಯೌವನವನ್ನೂ ರೋಗಕ್ಕೆ ಮುನ್ನ ಆರೋಗ್ಯವನ್ನೂ ಸದುಪಯೋಗಪಡಿಸಿಕೊಳ್ಳಬೇಕೆಂಬ ಪ್ರವಾದಿವರ್ಯರ(ಸ) ಉಪದೇಶ ಆಟಗಾರನಿಗೆ ಎಲ್ಲರಿಗಿಂತ ಮೊದಲೇ ಅನ್ವಯಿಸುತ್ತದೆ.

ಇಲ್ಲಿ ನಾಗಾಲ್ಯಾಂಡಿನ ತಾಲಿಮೆರೆನ್ ಆವೊ ಅವರ ಬದುಕನ್ನು ನೋಡಿ. ಅವರು ನಮ್ಮ ಧರ್ಮದವರಲ್ಲ, ಕ್ರೈಸ್ತ ಪಾದ್ರಿಯೊಬ್ಬರ ಮಗ. ಮಗ ವೈದ್ಯನಾಗಬೇಕೆಂಬುದು ತಂದೆಯ ಆಸೆ. ತಂದೆ ತೀರಿಕೊಂಡ ಮೇಲೂ ಮಗ ಆ ಆಸೆಯನ್ನು ಕೈಬಿಡಲಿಲ್ಲ. ಕಲ್ಕತ್ತಾದಲ್ಲಿ ವೈದ್ಯಕೀಯ ಓದುತ್ತಲೇ ಮೋಹನ್ ಬಗಾನ್ ತಂಡದಲ್ಲಿ, ರಕ್ಷಣೆಗೆ ಮುಂದಾಸರೆಯಾಗಿ ನಿಲ್ಲುವ ಹಾಫ್ ಬ್ಯಾಕ್ ಆಗಿ ಆಡಿದರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತದ ತಂಡಕ್ಕೆ ಅವರೇ ನಾಯಕ. ಬೆಂಗಳೂರಿನ ಅಹ್ಮದ್ ಖಾನ್ ಆ ತಂಡದಲ್ಲಿದ್ದರು. ಹೆಚ್ಚಿನವರು ಬರಿಗಾಲಲ್ಲೇ ಆಡಿ ಫ್ರಾನ್ಸಿಗೆ 1-2ರಿಂದ ಸೋತರು. ಎರಡು ಪೆನಾಲ್ಟಿ ಕೈತಪ್ಪದಿದ್ದರೆ ಕಥೆಯೇ ಬೇರೆ ಇರುತ್ತಿತ್ತು, ಇರಲಿ.

ಹೆಸರು ಅಷ್ಟು ಬೆಳಗಿದ ಮೇಲೂ ಆವೊ ಪುಸ್ತಕ ಮುಚ್ಚಲಿಲ್ಲ. 1950ರಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ ಊರ ಕಡೆ ಮರಳಿದರು. ಕೊಹಿಮಾದ ಆಸ್ಪತ್ರೆಯಲ್ಲಿ ದುಡಿದರು, ನಾಗಾಲ್ಯಾಂಡಿನ ಆರೋಗ್ಯ ಇಲಾಖೆಯ ನಿರ್ದೇಶಕರಾಗಿ 1978ರಲ್ಲಿ ನಿವೃತ್ತರಾದರು. 1998ರಲ್ಲಿ ತೀರಿಕೊಂಡರು. ಆಟದ ವರ್ಷಗಳಿಗಿಂತ ಔಷಧಿಯ ವರ್ಷಗಳೇ ಹೆಚ್ಚು.

ಪಿ.ಯು.ಸಿ. ಅರ್ಧಕ್ಕೇ ಬಿಟ್ಟು ಬೆಂಗಳೂರಿನ ಕ್ಲಬ್ಬಿಗೆ ಹೊರಡುತ್ತೇನೆಂದು ನಿಮ್ಮ ಮಗ ಹಟ ಹಿಡಿದರೆ ಬೈದು ಚೆಂಡನ್ನು ಬಚ್ಚಿಡಬೇಡಿ. ಕೂರಿಸಿಕೊಂಡು, ಮೂವತ್ತೈದನೇ ವಯಸ್ಸಿನಲ್ಲಿ ಏನು ಮಾಡುತ್ತೀಯೆಂದು ಕೇಳಿ. ಅವನು ತಡವರಿಸಿದರೆ ಉತ್ತರವನ್ನು ಇಬ್ಬರೂ ಕೂಡಿ ಹುಡುಕಿ.