ಸಂದೇಶದ ಆಪ್‌ಗಳನ್ನು ಎಷ್ಟರಮಟ್ಟಿಗೆ ನೆಚ್ಚಬಹುದು?



ಕಳೆದ ಮುಂಗಾರಿಗೆ ಮೊದಲು ಸಂಘದ ಮಳಿಗೆಗೆ ಮೈಲುತುತ್ತದ ದಾಸ್ತಾನು ಬಂದಾಗ ಆ ಸಂಗತಿಯನ್ನು ಮೊಬೈಲಿನ ಗುಂಪಿನಲ್ಲಿ ಮಾತ್ರ ತಿಳಿಸಿದೆವು. ನೋಟೀಸು ಬೋರ್ಡಿಗೆ ಹಚ್ಚಲಿಲ್ಲ, ಹಾಲಿನ ಡೈರಿಗೆ ಚೀಟಿ ಕಳಿಸಲಿಲ್ಲ. ಹಿರಿಯ ಸದಸ್ಯರೊಬ್ಬರ ಹಳೆಯ ಫೋನಿನಲ್ಲಿ ಆ ಆಪ್ ಕೆಲವು ವಾರಗಳ ಹಿಂದೆಯೇ ನಿಂತುಹೋಗಿತ್ತು. ಗುಂಪಿನ ಪಟ್ಟಿಯಲ್ಲಿ ಅವರ ಹೆಸರು ಇದ್ದೇ ಇದ್ದುದರಿಂದ ನಮಗೆ ಅನುಮಾನ ಬರಲಿಲ್ಲ. ದಾಸ್ತಾನು ಬಂದಿಲ್ಲವೆಂದೇ ತಿಳಿದು ಅವರು ಕಾದರು. ಅಷ್ಟರಲ್ಲಿ ಮಳೆ ಹಿಡಿಯಿತು, ಬೋರ್ಡೋ ಹೊಡೆಯಲು ಹೊಳವಾಗಲಿಲ್ಲ. ಕೊನೆಗೆ ಕೊಳೆರೋಗಕ್ಕೆ ಉದುರಿದ ಕಾಯನ್ನು ಬುಟ್ಟಿಗಟ್ಟಲೆ ಹೆಕ್ಕಬೇಕಾಯಿತು. ಈ ತಪ್ಪು ಆ ಸದಸ್ಯರದಲ್ಲ, ಕಚೇರಿ ನಡೆಸುವ ನಮ್ಮದು. ಇದರಿಂದ ಕಲಿಯಬೇಕಾದುದನ್ನು ಎಲ್ಲರ ಮುಂದಿಡುವುದೇ ಈ ಪಾಠದ ಉದ್ದೇಶ.

ಮುಚ್ಚಿಹೋದವು

ಸಂದೇಶದ ಸೌಲಭ್ಯ ಯಾವುದೂ ಶಾಶ್ವತವಲ್ಲ. ಸರ್ಕಾರದ ತಂತಿ ಸೇವೆಯೇ 2013ರ ಜುಲೈನಲ್ಲಿ ನಿಂತಿತು. 1998ರಲ್ಲಿ ಆರಂಭವಾದ ಯಾಹೂ ಮೆಸೆಂಜರ್ 2018ರ ಜುಲೈ 17ರಂದು ಮುಚ್ಚಿತು. ಒಂದು ಕಾಲಕ್ಕೆ ಕಚೇರಿಯವರೆಲ್ಲ ಮೆಚ್ಚಿದ್ದ ಬ್ಲಾಕ್‌ಬೆರಿ ಮೆಸೆಂಜರ್ ಜನಸಾಮಾನ್ಯರ ಪಾಲಿಗೆ 2019ರ ಮೇ 31ಕ್ಕೆ ಕೊನೆಯಾಯಿತು. ನಮ್ಮ ದೇಶದ್ದೇ ಆದ ಹೈಕ್ 2012ರಲ್ಲಿ ಬಂದು 2021ರ ಜನವರಿಯಲ್ಲಿ ಹೋಯಿತು. ಹೊರದೇಶದಲ್ಲಿರುವ ಮಕ್ಕಳ ಮುಖವನ್ನು ನಮ್ಮಲ್ಲಿ ಅನೇಕರು ಮೊದಲು ಕಂಡದ್ದು ಸ್ಕೈಪ್‌ನಲ್ಲಿ. ಅದೂ 2025ರ ಮೇ 5ರಂದು ನಿಂತಿತು.

ಮುಚ್ಚದೆಯೂ ಬದಲಾದವು

ಬಾಗಿಲು ಮುಚ್ಚಿದರೆ ಎಲ್ಲರಿಗೂ ತಿಳಿಯುತ್ತದೆ. ಒಳಗಿನ ಸೌಲಭ್ಯ ಒಂದೊಂದಾಗಿ ಬದಲಾದರೆ ತಿಳಿಯುವುದು ತಡವಾಗಿ. ವಾಟ್ಸಾಪ್ 2017ರ ಫೆಬ್ರವರಿಯಲ್ಲಿ, ನಾವು ಹೆಸರಿನ ಕೆಳಗೆ ಬರೆದುಕೊಳ್ಳುತ್ತಿದ್ದ ಸಾಲನ್ನು ತೆಗೆದು, ದಿನದೊಳಗೆ ಅಳಿಸಿಹೋಗುವ ಚಿತ್ರಗಳನ್ನು ಆ ಜಾಗಕ್ಕೆ ತಂದಿತು. ಬಳಕೆದಾರರು ಆಕ್ಷೇಪಿಸಿದ ಮೇಲೆ ಮರುತಿಂಗಳೇ ಆ ಸಾಲು ಹಿಂದಿರುಗಿತು. ವದಂತಿಗಳಿಂದ ಅಮಾಯಕರ ಕೊಲೆಗಳಾದ ಕಾರಣ 2018ರಲ್ಲಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ರವಾನಿಸುವ ಮಿತಿ ಬಂತು. ಇದು ಒಳ್ಳೆಯದಕ್ಕೇ ಆದ ಬದಲಾವಣೆ. ಆದರೂ ಪೇಟೆ ಧಾರಣೆಯನ್ನು ಹತ್ತು ಗುಂಪಿಗೆ ಕಳಿಸುತ್ತಿದ್ದವರು ಪದ್ಧತಿ ಬದಲಿಸಬೇಕಾಯಿತು.

ಆಂಡ್ರಾಯ್ಡ್ ಫೋನಿನ ವಾಟ್ಸಾಪ್ ಸಂದೇಶಗಳ ಬ್ಯಾಕಪ್, ಅಂದರೆ ಗೂಗಲ್‌ನಲ್ಲಿ ಇಟ್ಟ ಪ್ರತಿ, ಹಿಂದೆ ಜಾಗದ ಲೆಕ್ಕಕ್ಕೆ ಬರುತ್ತಿರಲಿಲ್ಲ. 2024ರಿಂದ ಅದನ್ನೂ 15 ಜಿಬಿ ಉಚಿತ ಜಾಗದ ಲೆಕ್ಕಕ್ಕೆ ಹಿಡಿಯಲಾಗುತ್ತಿದೆ. ಜಾಗ ತುಂಬಿದರೆ ಬ್ಯಾಕಪ್ ನಿಲ್ಲುತ್ತದೆ. ಕಚೇರಿಗಳು ಬಳಸುವ ಸ್ಲ್ಯಾಕ್ ಎಂಬ ಆಪ್‌ನಲ್ಲೂ ಹೀಗೆಯೇ. ಹಣ ಕೊಡದವರಿಗೆ ಮೊದಲು ಹತ್ತು ಸಾವಿರ ಸಂದೇಶಗಳವರೆಗೆ ಹಿಂದಿನದು ಕಾಣುತ್ತಿತ್ತು. 2022ರ ಸೆಪ್ಟೆಂಬರ್ 1ರಿಂದ 90 ದಿನಗಳದ್ದು ಮಾತ್ರ ಕಾಣುವಂತಾಯಿತು.

ಹೀಗೇಕೆ ಆಗುತ್ತದೆ?

ಮೊದಲನೆಯದಾಗಿ, ಫೋನು ನಮ್ಮದಾದರೂ ಸಂದೇಶ ಸಾಗಿಸುವ ಯಂತ್ರಗಳು ಕಂಪನಿಯವು. ಅಂಗಳ ಇನ್ನೊಬ್ಬರದಾದಾಗ ನಮ್ಮ ಅಡಿಕೆ ಎಷ್ಟು ದಿನ ಅಲ್ಲಿ ಒಣಗಬೇಕೆಂಬುದನ್ನು ನಾವು ತೀರ್ಮಾನಿಸಲಾಗದು.

ಎರಡನೆಯದಾಗಿ, ಖರ್ಚು ಎಲ್ಲಿಂದಲಾದರೂ ಹುಟ್ಟಬೇಕು. ವರ್ಷಕ್ಕೆ ಒಂದು ಡಾಲರ್ ಎಂಬ ಶುಲ್ಕವನ್ನು ವಾಟ್ಸಾಪ್ 2016ರ ಜನವರಿಯಲ್ಲಿ ಕೈಬಿಟ್ಟಿತು. ಅದನ್ನು ಫೇಸ್‌ಬುಕ್ ಕೊಳ್ಳಲು ಒಪ್ಪಿದ್ದು 2014ರಲ್ಲಿ, ಸುಮಾರು 1,900 ಕೋಟಿ ಡಾಲರಿಗೆ. ಅಷ್ಟು ಬಂಡವಾಳ ಹೂಡಿದವರು ಆದಾಯ ನೋಡದೆ ಇರುವುದಿಲ್ಲ. ಆಪ್‌ನ ಒಂದು ಭಾಗದಲ್ಲಿ ಜಾಹೀರಾತು ತರುವುದಾಗಿ 2025ರ ಜೂನ್‌ನಲ್ಲಿ ಪ್ರಕಟಿಸಲಾಯಿತು.

ಮೂರನೆಯದಾಗಿ, ಹಳೆಯ ಫೋನುಗಳಿಗೆ ಹೊಸ ಭದ್ರತಾ ವ್ಯವಸ್ಥೆ ಒಗ್ಗುವುದಿಲ್ಲ, ಅವನ್ನು ಬಳಸುವವರೂ ಕಡಿಮೆಯಾಗುತ್ತಾರೆ. 2021ರ ನವೆಂಬರ್ 1ರಿಂದ ಆಂಡ್ರಾಯ್ಡ್ 4.1ಕ್ಕಿಂತ ಹಳೆಯ ಫೋನುಗಳನ್ನು ವಾಟ್ಸಾಪ್ ಕೈಬಿಟ್ಟಿತು. ಬಳಿಕ ಆ ಗೆರೆ 5.0ಕ್ಕೆ ಏರಿತು.

ನಾಲ್ಕನೆಯದಾಗಿ, ಯಾವ ಕಂಪನಿಯ ಸಿಮ್‌ನಿಂದಲೂ ಬೇರೆ ಯಾವ ಕಂಪನಿಯ ಸಿಮ್‌ಗೂ ಕರೆ ಹೋಗುತ್ತದೆ, ಎಸ್‌ಎಂಎಸ್ ಸಹ ಹೋಗುತ್ತದೆ. ಆಪ್‌ಗಳು ಸಾಮಾನ್ಯವಾಗಿ ಹಾಗಲ್ಲ. ಹೊರಗಿನವರಿಗೆ ತೆರೆದಿದ್ದ ದಾರಿಯನ್ನೂ ಕೆಲವರು ಮುಚ್ಚಿದ್ದಾರೆ. ಸ್ಲ್ಯಾಕ್ 2018ರ ಮೇ ತಿಂಗಳಲ್ಲಿ ಹಾಗೆ ಮಾಡಿತು. ಆದುದರಿಂದ ಒಂದು ಆಪ್ ಬಿಟ್ಟು ಇನ್ನೊಂದಕ್ಕೆ ಹೋಗಬೇಕೆಂದರೆ ಗುಂಪಿನ ಎಲ್ಲರೂ ಒಟ್ಟಿಗೆ ಹೋಗಬೇಕು.

ಸದಸ್ಯರು ಮಾಡಬೇಕಾದುದು

ಆಪ್ ಬೇಡವೆಂದು ನಾವು ಹೇಳುತ್ತಿಲ್ಲ. ಬೆಳಗಿನ ಟೆಂಡರಿನ ಧಾರಣೆ ಮಧ್ಯಾಹ್ನದೊಳಗೆ ತೋಟದಲ್ಲಿರುವವರಿಗೆ ಸಿಗುವುದು ಸಣ್ಣ ಅನುಕೂಲವಲ್ಲ. ಅದು ಸುದ್ದಿ ಮುಟ್ಟಿಸಲಿ. ದಾಖಲೆ ಕಾಯುವ ಕೆಲಸವನ್ನು ಅದಕ್ಕೆ ಒಪ್ಪಿಸುವುದು ಬೇಡ.

1. ತೂಕದ ಚೀಟಿ, ಮುಂಗಡ, ಕೂಲಿ ಲೆಕ್ಕ, ಇವುಗಳ ಚಿತ್ರ ಫೋನಿನಲ್ಲಿದ್ದರೆ ಸಾಲದು. ಕಾಗದದ ರಸೀತಿಯನ್ನು ಕೇಳಿ ಪಡೆದು ಕಡತದಲ್ಲಿಡಿ.

2. ವ್ಯಾಪಾರಿಯೊಡನೆ ದರದ ಮಾತು ಸಂದೇಶದಲ್ಲಿ ನಡೆದಿದ್ದರೆ ವಾಟ್ಸಾಪ್‌ನ "ಎಕ್ಸ್‌ಪೋರ್ಟ್ ಚಾಟ್" ಬಳಸಿ ಅದರ ಪ್ರತಿ ತೆಗೆದು ಬೇರೆಡೆ ಉಳಿಸಿಕೊಳ್ಳಿ. ಸಂದೇಶಗಳು ತಾವಾಗಿಯೇ ಅಳಿಯುವ ವ್ಯವಸ್ಥೆ ಚಾಲೂ ಆಗಿದೆಯೇ ಎಂಬುದನ್ನೂ ನೋಡಿಕೊಳ್ಳಿ.

3. ಮುಖ್ಯ ದೂರವಾಣಿ ಸಂಖ್ಯೆಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಿ.

4. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆಂಡ್ರಾಯ್ಡ್ ಎಷ್ಟನೆಯದೆಂದು ನೋಡಿ. ತಿಳಿಯದಿದ್ದರೆ ಮನೆಯ ಮಕ್ಕಳನ್ನು ಕೇಳಲು ಸಂಕೋಚ ಬೇಡ.

ಕಚೇರಿಯ ಕಡೆಯಿಂದ ನಾವೂ ಪದ್ಧತಿ ಬದಲಿಸಿದ್ದೇವೆ. ಗೊಬ್ಬರ, ಮೈಲುತುತ್ತ, ಸಭೆ, ಸಾಲದ ಕಂತು, ಈ ಸೂಚನೆಗಳು ಇನ್ನು ಮುಂದೆ ನೋಟೀಸು ಬೋರ್ಡಿನಲ್ಲೂ ಎಸ್‌ಎಂಎಸ್‌ನಲ್ಲೂ ತಪ್ಪದೆ ಬರುತ್ತವೆ. ಗುಂಪಿನ ಸಂದೇಶವನ್ನು ಎರಡು ದಿನದಲ್ಲಿ ನೋಡದವರಿಗೆ ಗುಮಾಸ್ತರು ಕರೆ ಮಾಡುತ್ತಾರೆ. ಪಕ್ಕದ ತೋಟದವರು ಬಹಳ ದಿನ ಗುಂಪಿನಲ್ಲಿ ಮಾತನಾಡದಿದ್ದರೆ ದಾರಿಯಲ್ಲಿ ಸಿಕ್ಕಾಗ ಒಂದು ಮಾತು ವಿಚಾರಿಸಿ. ಹಳೆಯ ಫೋನಿರುವ ಸದಸ್ಯರು ಸಂತೆಗೆ ಬಂದಾಗ ಅದನ್ನು ಕಚೇರಿಗೆ ತಂದು ತೋರಿಸಬೇಕಾಗಿ ಕೋರಿಕೆ. ಮುಂದಿನ ಮಳೆಗಾಲಕ್ಕೆ ಮೊದಲು ಈ ಪರಿಶೀಲನೆ ಮುಗಿಯಬೇಕು.